ಹಳದಿ ಹೋಗುವ ಹೊತ್ತು

ರೀಗಾದಲ್ಲಿ ಮೈನಸ್ ಹತ್ತೊಂಬತ್ತು.
ಫ್ಲಾಸ್ಕಿನೊಳಗೆ ಅದಕ್ಕಿಂತ ಚಳಿ.
ಸ್ಕೈದ್ರೀತೆ ಕನ್ನಡಕ ಒರೆಸಿ ಬಗ್ಗುತ್ತಾಳೆ:
ಕ್ವಿನೋನ್ ಮೆಥೈಡ್, ಸಾಸಿವೆ ಹೂವಿನ ಹಳದಿ,
ಉಂಗುರದ ನೆಮ್ಮದಿ ಕಳಕೊಂಡ ಅಣು.

ಐನಾರ್ಸ್ ಮೂಗು ಸಿಂಡರಿಸಿ
ಹನಿಹನಿಯಾಗಿ ಥಯೋಲ್ ಬಿಡುತ್ತಾನೆ.
ಸೆಳೆಯುವುದು ಈ ತುದಿಯ ಆಕ್ಸಿಜನ್,
ಪೆಟ್ಟು ಆ ತುದಿಯ ಇಂಗಾಲಕ್ಕೆ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ!
ಇಲ್ಲಿ ಮಾತ್ರ ಬರೆಯೇ ಮದ್ದು:
ಬಂಧ ಬಂಧವನ್ನು ತಳ್ಳಿ, ಅದು ಇನ್ನೊಂದನ್ನು ತಳ್ಳಿ
ಉಂಗುರ ಮತ್ತೆ ಉಂಗುರ.

‘ಬರ್ಚ್ ಮರದೊಳಗೆ ಯಾರೂ ಹನಿ ಎಣಿಸುವುದಿಲ್ಲ,’
ಅಂದಳು ಮುದುಕಿ.
‘ನೀರು ಬಂದರೆ ನೀರು, ಸಕ್ಕರೆ ಸಿಕ್ಕರೆ ಸಕ್ಕರೆ.
ಮೊದಲು ಬಂದವರ ಕೈ ಹಿಡಿದೇ
ಮರ ಗಟ್ಟಿಯಾಗುವುದು.’

ಫ್ಯಾನಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲ.
ಬೆಳಕಿಗೆ ಹಿಡಿದ.
ಹಳದಿ ನಿಂಬೆಪಾನಕದಷ್ಟಾಯಿತು,
ಆಮೇಲೆ ಅಕ್ಕಿ ತೊಳೆದ ನೀರಿನಷ್ಟು,
ಆಮೇಲೆ
ಏನೂ ನಡೆದೇ ಇಲ್ಲ ಅನ್ನುವಷ್ಟು ತಿಳಿ.
ನಡೆದದ್ದಕ್ಕೆ ಅದೇ ಗುರುತು.

ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದು
ಅವಳು ಟ್ರಾಮ್ ಹತ್ತಿದಳು.
ಕೆಳಗೆ ದೌಗಾವಾ ಹೆಪ್ಪುಗಟ್ಟಿತ್ತು.
ಕೈಗವಸಿಗೂ ಅಂಟಿದ ಥಯೋಲಿನ ನಾತಕ್ಕೆ
ಪಕ್ಕದ ಸೀಟು
ಕೊನೆಯ ಸ್ಟಾಪಿನವರೆಗೂ ಖಾಲಿ.