ಕೆಮ್ಮಣ್ಣಿನ ಲಾರಿ

ಊರು ಗುಡ್ಡದ ಮೇಲೆ, ಅನ್ನ ಗುಡ್ಡದ ಕೆಳಗೆ:
ಅಂಟನನರಿವೊ ಇದ್ದದ್ದು ಹೀಗೆ.
ಅರಮನೆ ಕಟ್ಟಿಸಿದ ರಾಜರೇ ಏರಿಯನ್ನೂ ಕಟ್ಟಿಸಿದರಂತೆ,
ಜೌಗಿನ ನೀರಿಗೆ ಗೆರೆ ಎಳೆದು
ಕೂತಿರು ಅಂದರಂತೆ.
ಆ ಗೆರೆಗಳ ಮೇಲೆ ಈಗ ನಾನು
ಹೋಟೆಲಿನ ದುಪ್ಪಟಿ ಒಣಹಾಕುತ್ತೇನೆ.

ದೂರದ ಬಸ್ಸಿನಿಂದ ನೋಡುವವರಿಗೆ
ದುಪ್ಪಟಿಯೂ ಬೆಳ್ಳಕ್ಕಿಯೂ ಒಂದೇ.
ಗಾಳಿ ಎದ್ದರೆ ಗೊತ್ತಾಗುತ್ತದೆ,
ನಾನು ಯಾವುದರ ಹಿಂದೆ ಓಡುತ್ತೇನೆ ಅಂತ.

ಅಕ್ಟೋಬರು. ಮೇಲೆ ಬೀದಿಯಲ್ಲಿ ಜಕರಂಡ ನೇರಳೆ ಉದುರಿಸುವಾಗ
ಕೆಳಗೆ ನಾಟಿ.
ಮಡಿಮಡಿಗೂ ಒಂದು ತುಂಡು ಆಕಾಶ,
ಅದರೊಳಗೆ ತಲೆಕೆಳಗಾದ ಊರು.
ಚರ್ಚಿನ ಶಿಲುಬೆ ಕೆಸರಿಗೆ ಚುಚ್ಚಿ ನಿಂತಿದೆ,
ಬ್ಯಾಂಕಿನ ಹನ್ನೆರಡನೆಯ ಮಹಡಿಯಲ್ಲಿ
ಬೇಬೆ ಬಕೂಲಿ ಸಸಿ ನೆಡುತ್ತಿದ್ದಾಳೆ.
ಅವಳು ಒಂದು ಹೆಜ್ಜೆ ಹಿಂದಿಟ್ಟರೆ
ಇಡೀ ಬ್ಯಾಂಕು ಅಲ್ಲಾಡುತ್ತದೆ.

ಮೊದಲ ವಾರ ಅದು ಹಸುರಲ್ಲ,
ಹಸುರಿನ ಗುಮಾನಿ.
ಆಮೇಲೆ ಒಂದು ಬೆಳಗ್ಗೆ ಯಾರನ್ನೂ ಕೇಳದೆ
ಕಣ್ಣು ತುಂಬುವಷ್ಟು.

ಲಾರಿಗಳು ಬರುವುದು ರಾತ್ರಿ, ದೀಪ ಆರಿಸಿಕೊಂಡು.
ಗುಡ್ಡದ ಪಕ್ಕೆ ಕಡಿದ ಕೆಮ್ಮಣ್ಣು
ಗದ್ದೆಯ ಬಾಯಿಗೆ.
ನಲವತ್ತು ಲೋಡಿಗೆ ಒಂದು ಮಡಿ ಮುಚ್ಚುತ್ತದೆ, ನಾನು ಎಣಿಸಿದ್ದೇನೆ,
ಏರಿಯ ಮೇಲೆ ಮಲಗುವವಳಿಗೆ ನಿದ್ದೆ ತೆಳು.
ಅತ್ತ ಗುಡ್ಡವೂ ಇಲ್ಲ, ಇತ್ತ ಗದ್ದೆಯೂ ಇಲ್ಲ,
ನಡುವೆ ಒಂದು ಗೇಟು, ಅದಕ್ಕೊಂದು ಬೀಗ.

ಹೋದ ಮಂಗಳವಾರ ರಬೆಂಜ ತೂಬು ತೆಗೆದಿಟ್ಟ.
ತೆಗೆ ಅಂತ ಯಾರೂ ಹೇಳಿರಲಿಲ್ಲ,
ಬೇಡ ಅಂತಲೂ.
ಇಲಿ ಕೊರೆದಿರಬೇಕು ಅನ್ನುವುದು ಅವನ ಮಾತು.
ರಾತ್ರಿಯಿಡೀ ಏರಿ ನೀರು ಕುಡಿಯಿತು,
ಲಾರಿ ಬಂದದ್ದೇ ಅಚ್ಚಿನವರೆಗೆ ಕೂತುಬಿಟ್ಟಿತು
ಹೆರಿಗೆಗೆ ಕೂತ ಎಮ್ಮೆಯ ಹಾಗೆ.

ಬೆಳಗಾದಾಗ ಡ್ರೈವರು ಕ್ಯಾಬಿನ್ನಿನ ಮೇಲೆ,
ಎರಡೂ ಬೂಟು ಕೈಯಲ್ಲಿ.
ಇಪ್ಪತ್ತರ ಹುಡುಗ, ಹೆಸರು ಲಾಂಟು.
ಮಕ್ಕಳು ನಕ್ಕವು. ಗಂಡಸರು ಗುದ್ದಲಿ ಹಿಡಿದು ನಿಂತರು,
ಯಾವುದಕ್ಕೆಂದು ಇನ್ನೂ ತೀರ್ಮಾನವಾಗದೆ.

‘ಇಳಿಯೋ. ಜಗಳ ಉಂಡ ಮೇಲೆ.’
ಬೇಬೆ ಬಕೂಲಿ ಪಾತ್ರೆಯ ತಳ ಹಿಡಿದ ಅನ್ನಕ್ಕೆ
ನೀರು ಹೊಯ್ದು ಕುದಿಸಿದಳು.
ಚಹಾದ ಬಣ್ಣ, ಸೀದ ವಾಸನೆ, ನಮ್ಮಲ್ಲಿ ಅದು ಹೊನ್ನೀರು.
ಹುಡುಗ ಎರಡನೇ ಲೋಟ ಕೇಳಿದ.

‘ಮನೆ ಎಲ್ಲಿ?’
ತಗಡಿನ ಮಾಡುಗಳ ಕಡೆ ಕೈ ತೋರಿಸಿದ.
‘ಹಿಂದೆ ಅದು ಯಾರ ಗದ್ದೆ, ಗೊತ್ತಾ?’
ಗೊತ್ತಿರಲಿಲ್ಲ.
‘ನನ್ನತ್ತೆಯದು. ಕೆಂಪಕ್ಕಿ. ಕಟಾವಿನ ಮುಂಚೆ ಬುಟ್ಟಿ ಇಟ್ಟರೆ ಮೀನು.
ಫೆಬ್ರವರಿಯಲ್ಲಿ ನಿನ್ನ ಮಂಚದ ಕೆಳಗೆ ನೀರು ಬರುತ್ತದಲ್ಲ,
ದಾರಿ ತಪ್ಪಿ ಬಂದದ್ದಲ್ಲ ಮಗಾ ಅದು,
ತನ್ನ ಮನೆಗೆ ಬಂದದ್ದು.
ಒಳಗೆ ನೀನಿರುತ್ತೀ.’

ಅವನು ಲೋಟದ ತಳ ನೋಡುತ್ತಾ ಕೂತ.

ಲೋಡು ಇಳಿಸದೆ ಲಾರಿ ಏಳುವಂತಿರಲಿಲ್ಲ.
ಆ ಮಣ್ಣನ್ನೇ ಬುಟ್ಟಿಬುಟ್ಟಿ ಹೊತ್ತು
ಕುಸಿದ ಏರಿಗೆ ತುಂಬಿದೆವು, ತುಳಿದೆವು,
ಅವನೂ ತುಳಿದ, ಬರಿಗಾಲಲ್ಲಿ.
ದೊಡ್ಡ ಹಿಣಿಲಿನ ನಾಲ್ಕು ಎತ್ತು ಕಟ್ಟಿ ಎಳೆದದ್ದು ಮಧ್ಯಾಹ್ನಕ್ಕೆ.
ಎಂಜಿನು ಕೆಮ್ಮಿದ ರಭಸಕ್ಕೆ
ನನ್ನ ಮೂರು ದುಪ್ಪಟಿಗೆ ಕೆಂಪು ಸಿಡಿಯಿತು.
ಎರಡು ಬಿಳಿಯಾದವು. ಒಂದರಲ್ಲಿ ಅಂಗೈಯಗಲದ ಕಲೆ
ಸೋಪಿಗೂ ಬಿಸಿಲಿಗೂ ಜಗ್ಗಿಲ್ಲ,
ಹೋಟೆಲಿನವರು ಕೂಲಿಯಲ್ಲಿ ಹಿಡಿಯುತ್ತಾರೆ.

ಹೊಸ ಏರಿಯ ಮೇಲೆ ಆಗಲೇ ಒಂದು ಬೆಳ್ಳಕ್ಕಿ,
ಒಂಟಿಕಾಲಲ್ಲಿ, ಗಟ್ಟಿಯಿದೆಯಾ ಎಂದು ನೋಡುವ ಹಾಗೆ.

ಇನ್ನು ಬರುವುದಿಲ್ಲ ಅಂತ ಲಾಂಟು ಹೇಳಲಿಲ್ಲ.
ಅವನಿಗೂ ಮನೆಯಿದೆ, ಮನೆಯಲ್ಲಿ ಪಾತ್ರೆಯಿದೆ.
ಬಂದರೆ
ದೀಪ ಹಚ್ಚಿಕೊಂಡು ಬರುತ್ತೇನೆ ಅಂದ.