ಬೆನ್ನಿಗಿ ನಿಂತಾಂವ

ಹಗಲೆಲ್ಲಾ ನೀ ನನಗ ‘ರೀ’ ಅಂತೀ.
‘ಉಣ್ಣಾಕ ಏಳ್ರೀ’, ‘ಸಿಲಿಂಡರ್ ಬಂದೈತ್ರೀ’.
ನಡುಮನ್ಯಾಗ ನಮ್ಮವ್ವ ಕುಂತಿರತಾಳ, ಕಿವಿ ಚುರುಕು.
ರಾತ್ರಿ ಹತ್ತೂವರಿಗೆ, ಅವ್ವನ ಗೊರಕಿ ಶುರುವಾದ ಮ್ಯಾಲ,
ಕಿವಿಗೆ ಹೆಡ್‌ಫೋನ್ ಏರಸ್ತೀ, ಪಿಸುದನ್ಯಾಗ ಬೈತೀ:
‘ಲೇ ದ್ಯಾಮ್ಯಾ, ಎಲ್ಲಿ ಸತ್ತೀಲೇ, ಜೀವ ಹೊಂಟೈತಿ, ಹಚ್ಚಲೇ!’
ಆ ‘ಲೇ’ ಸಲುವಾಗಿ ನಾ
ಇಡೀ ದಿನ ದುಡದು ಮನಿಗೆ ಬರತೀನಿ.

ನೀ ಮುಂದ. ನಾ ಹನ್ನೆರಡು ಹೆಜ್ಜಿ ಹಿಂದ.
ನನ್ನ ಬಂದೂಕು ದೀಪಾವಳಿ ಪಿಸ್ತೂಲಿನಂಥಾದ್ದು, ಸದ್ದಿಗಷ್ಟ.
ಕೈಯಾಗ ಒಂದು ಹಸರ ಬೆಳಕಿನ ಎಳಿ.
ಅದನ್ನ ನಿನ್ನ ಬೆನ್ನಿಗೆ ತಾಗಿಸಿ ಹಿಡಕೊಂಡು
ನೀ ನುಗ್ಗಿದಲ್ಲಿ ನುಗ್ಗತೀನಿ,
ಬೆದರಿದ ಎಮ್ಮಿ ಹಿಂದ ಹಗ್ಗ ಹಿಡದಾಂವನಂಗ.

ಆಟದಾಗ ನಿನ್ನ ಮುಖ ನಾ ನೋಡಿಲ್ಲ. ಬೆನ್ನು ಬಲ್ಲೆ.
ಸಿಟ್ಟು ಬಂದರ ನಿಂತಲ್ಲೇ ಎರಡು ಸಲ ಜಿಗೀತೀ.
ಹೆದರಿದರ, ತುಂಬಿದ ಬಂದೂಕನ್ನ ಮತ್ತ ತುಂಬತೀ.
ವರ್ಕ್‌ಶಾಪಿನಾಗ ಬೋಗಿ ಕೆಳಗಿಂದ ನಿನ್ನ ಎಬ್ಬಿಸಿ
ಸಾಹೇಬ ಎಲ್ಲಾರ ಮುಂದ ಬೈದ ದಿನ
ನೀ ಏನೂ ಹೇಳಲಿಲ್ಲ. ರೊಟ್ಟಿ ಉಂಡಿ.
ರಾತ್ರಿ ಜಿಗದಿ, ಜಿಗದಿ, ಜಿಗದಿ.

ಆ ಊರಿಗೆ ಹೆಸರಿಲ್ಲ, ನಾವ ಇಟ್ಟೀವಿ.
ಸುಟ್ಟ ಅಂಗಡಿ ಸಾಲು ದುರ್ಗದಬೈಲ.
ಮುರುದ ಸೇತುವೆ ಉಣಕಲ್ಲ ಕೆರಿ ಏರಿ.
ಎತ್ತರದಾಗ ಒಂದು ಕಿಟಕಿ, ಯಾವಾಗಲೂ ಒಬ್ಬಾಂವ ಅಡಗಿರತಾನಲ್ಲ,
ಅದು ಎದರ ಮನಿ ಚೆನ್ನವೀರಮ್ಮಗೋಳ ಕಿಟಕಿ.
‘ಚೆನ್ನವೀರಮ್ಮ ನೋಡಾಕತ್ತಾಳ!’ ಅಂತ ನೀ ಅಂದರ
ಇಂದೂರಿನಿಂದ ಆಡೂ ಹುಡುಗ ‘ಕೌನ್?’ ಅಂತಾನ.
ಅಷ್ಟರಾಗ ಅವನ ತಲಿಗೆ ಗುಂಡು.

ಮ್ಯಾಲಿನ ಮೂಲ್ಯಾಗ ಕೊಂದವರ ಹೆಸರು ಸರಸರ ಏರತಾವ:
ಫಕ್ಕಿ. ಫಕ್ಕಿ. ಫಕ್ಕಿ.
(ಶಿರಹಟ್ಟಿ ಸ್ವಾಮಿಗೆ ಹರಕಿ ಹೊತ್ತು ನಿಮ್ಮಜ್ಜಿ ಇಟ್ಟ ಫಕ್ಕೀರವ್ವ
ಹಿಂಗ ಹೆಸರು ಮಾಡತಾಳಂತ ಆಕಿಗೆ ಗೊತ್ತಿತ್ತೇನ.)
ನನ್ನ ಹೆಸರು ಬರೂದು ನಾ ಸತ್ತಾಗ.
ಇರಲಿ. ನಾ ಕೀರ್ದಿ ಖತಾವಣಿ ಕಟ್ಟಾಂವ,
ಪುಸ್ತಕದ ಬೆನ್ನು ಹೊಲದು, ಖಳಿ ಬಳದು, ಕಲ್ಲು ಹೇರಿ ಒಣಗಸಾಂವ.
ಲಾಭ ಬರಕೊಳ್ಳಾಂವ ಬ್ಯಾರೆ.
ಒಳಗಿನ ದಾರ ಯಾರದು ಅಂತ ಕೇಳಿದವರಿಲ್ಲ,
ಕೇಳಲಿ ಅಂತ ನನಗೂ ಅನಿಸಿಲ್ಲ.
ಸುಳ್ಳು. ಒಂದೆರಡು ಸಲ ಅನಿಸೈತಿ.

ಮೊನ್ನೆ ಬುಧವಾರ. ಅದೊಂದು ಗೆದ್ದರ ಮ್ಯಾಲಿನ ದರ್ಜೆ.
ಏರಿ ಮ್ಯಾಲ ನಾ ಬಿದ್ದೆ.
ಪೂರಾ ಸತ್ತಿರಲಿಲ್ಲ,
ಮಣಕಾಲೂರಿ ತೆವಳೂ ಹತ್ತು ಸೆಕೆಂಡು ಕೊಡತಾರಲ್ಲ, ಅದು.
ನಿನಗ ಇನ್ನ ನಾಕ ಹೆಜ್ಜಿ ಉಳದಿತ್ತು.
‘ಹೋಗು, ಮುಗಸು’ ಅಂದೆ.
ನಿನಗ ನನ್ನ ಎತ್ತಾಕ ಬರೂದಿಲ್ಲ,
ಬಿದ್ದವರನ್ನ ಎತ್ತೂ ವಿದ್ಯೆ ನನ್ನ ವೇಷಕ್ಕಷ್ಟ ಕೊಟ್ಟಾರ.

ನೀ ಹೊಳ್ಳಿದಿ.
ಮೊದಲ ಸಲ ನಿನ್ನ ಮುಖ ಕಂಡಿತು:
ತಗಡಿನ ಮುಖವಾಡ, ಕಣ್ಣಿದ್ದಲ್ಲಿ ಒಂದು ಕೆಂಪು ಗೆರಿ.
ಬಂದು ನನ್ನ ಮ್ಯಾಲ ಅಡ್ಡ ನಿಂತಿ.
ಏನೂ ಉಪಯೋಗ ಇರಲಿಲ್ಲ.
ಐದು, ನಾಕು. ಚೆನ್ನವೀರಮ್ಮನ ಕಿಟಕಿಯಿಂದ ಗುಂಡು.
ತುಂಬಿದ ಬಂದೂಕನ್ನ ನೀ ಮತ್ತ ತುಂಬಿದಿ.

ಸೋತೀವಿ. ಇಂದೂರಿನಾಂವ ತನ್ನ ಭಾಷಾದಾಗ ನಮ್ಮ ಕುಲ ತೊಳದ.
‘ಮೂರು ಸ್ಟಾರ್ ಹೋದ್ವು ನಿನ್ನಿಂದ’ ಅಂದಿ.
‘ಮತ್ಯಾಕ ಬಂದಿ?’
‘ಯಾರು ಬಂದರು? ಹಾದಿ ತಪ್ಪಿತು, ಮಕ್ಕೋಲೇ.’
ಗ್ವಾಡಿ ಕಡೆ ಹೊಳ್ಳಿ ಮಲಗಿದಿ. ಮತ್ತ ಬೆನ್ನು.

ಮುಂಜಾನೆ ಭೋಂಗಾ ಆತು.
ಬಾಗಲದಾಗ ಕುಂತು ಬೂಟಿನ ದಾರ ಬಿಗೀತಿದ್ದಿ,
‘ಖಳಿ ಕೈ ತೊಳಕೊಂಡು ಉಣ್ರೀ’ ಅಂದು ಹೋದಿ.
ಅವ್ವ ಚಾದ ಬಸಿ ಕೆಳಗಿಟ್ಟಳು.
ನನ್ನ ನೋಡಲಿಲ್ಲ, ಓಣಿ ನೋಡಿದಳು.
‘ಅಲ್ಲೋ ದ್ಯಾಮಣ್ಣ,
ಆ ಚೆನ್ನವೀರಮ್ಮ ದಿನಾ ರಾತ್ರಿ ಕಿಟಕ್ಯಾಗ ನಿಂತು
ಏನ ನೋಡತಾಳೋ?’