ಇನ್ನೊಂದು ಸಲ

ಗುತ್ತಲು ರಸ್ತೆಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ.
ಇಪ್ಪತ್ತೇಳು ವರ್ಷ
ಅದರ ಬೆಲ್ಟು ನನ್ನ ಎಡಗಿವಿಯ ಪಕ್ಕದಲ್ಲೇ ತಿರುಗಿತು.
ರಾಗಿ ಬೀಸಿತು, ಅಕ್ಕಿ ಬೀಸಿತು, ಮೆಣಸಿನಕಾಯಿ ಬೀಸಿತು,
ಜೊತೆಗೆ, ದಿನಕ್ಕೊಂದು ಚಿಟಿಕೆ,
ಕಿವಿಯನ್ನೂ ಬೀಸಿತು.

ಮೊದಲು ಹೋದದ್ದು 'ಸ'.
ಸೇರು ಅಂದರೆ ನನಗೆ ಬರೀ ಏರು,
ಸಾರು ಅಂದರೆ ಆರು.
ಊರಿಗೇ ಗಂಟಲು ಕಟ್ಟಿದೆ ಅಂದುಕೊಂಡೆ.

ಕಿವಿಗೆ ಮಿಷನ್ ಹಾಕಿಸುತ್ತೇನೆ ಅಂದದ್ದೇ ತಡ
ಚೀಲ ಹಿಡಿದು ಸಾಲಲ್ಲಿ ನಿಂತವರೆಲ್ಲ ಡಾಕ್ಟರಾದರು.
ಕಲ್ಲಹಳ್ಳಿ ದೇವೀರಮ್ಮ ಕಿವಿಗೇ ಬಾಯಿಟ್ಟು:
"ಬ್ಯಾಡ ಕಣವ್ವ, ಅದ ಹಾಕುದ್ರೆ
ಇರೋ ಕಿವೀನೂ ಸೋಮಾರಿಯಾಯ್ತದೆ."
ಚನ್ನಂಕೇಗೌಡ ಮೇಷ್ಟ್ರು ಗಾಳಿಯಲ್ಲಿ ಬೆರಳಾಡಿಸಿ ಬರೆದರು:
ಐವತ್ತೆರಡಕ್ಕೇ? ಮುದುಕರಿಗಲ್ಲವೇ ಅದು?
ಆಟೋ ಸಿದ್ದು ಅವನ ದೊಡ್ಡಪ್ಪನದನ್ನೇ ತಂದುಕೊಟ್ಟ,
ಹಳದಿ ಗುಗ್ಗೆಯ ಸಮೇತ:
"ಆಯಪ್ಪ ಹೋಗಿ ಆರು ತಿಂಗ್ಳಾಯ್ತು, ಸುಮ್ನೆ ಬಿದ್ದದೆ, ಹಾಕ್ಕಳಿ."
ಸತ್ತವರ ಚಪ್ಪಲಿಯನ್ನಾದರೂ ಮೆಟ್ಟಬಹುದೇನೋ,
ಸತ್ತವರ ಕಿವಿ ಇಟ್ಟುಕೊಂಡು ಯಾರ ಮಾತು ಕೇಳಲಿ?

ಮೈಸೂರು, ಮಾನಸಗಂಗೋತ್ರಿ.
ಸಣ್ಣ ಕೋಣೆಯಲ್ಲಿ ಕೂರಿಸಿ ದಪ್ಪ ಬಾಗಿಲು ಹಾಕಿದರು.
ಟೊಯ್ ಅಂದರೆ ಬೆರಳು ಎತ್ತಬೇಕು.
ಎತ್ತಿದೆ. ಕೇಳದಾಗಲೂ ಒಂದೆರಡು ಸಲ ಎತ್ತಿದೆ,
ನಪಾಸಾಗುವ ಭಯಕ್ಕೆ.
ಎದೆಯ ಮೇಲೆ ಶಮಾ ಎಂದು ಹೆಸರಿದ್ದ ಹುಡುಗಿ
ನನ್ನ ಮುಖ ನೋಡಿಕೊಂಡು, ಕಿರುಚದೆ, ಹೇಳಿದಳು:
"ಅವರ ಕಿವಿ ಹೋದ ದಾರಿ ಬೇರೆ, ನಿಮ್ಮದು ಬೇರೆ.
ಎರಡೂ ಕಿವಿಗೆ ಬೇಕು.
ಗಿರಣಿ ಓಡುವಾಗ ಇದನ್ನ ತೆಗೆದು, ಕಿವಿ ಮುಚ್ಚಿಕೊಳ್ಳಿ.
ಹಳೇ ಕಿವಿ ವಾಪಸ್ ಬರಲ್ಲಮ್ಮ. ಅಭ್ಯಾಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತೆ."
ಹೂಂ ಅಂದೆ. ನಂಬಲಿಲ್ಲ.
ಕನ್ನಡಕ ಹಾಕಿದ ದಿನವೇ ಸೂಜಿಗೆ ದಾರ ಪೋಣಿಸಿದವಳು ನಾನು.

ವಾಪಸ್ ಬರುವ ಬಸ್ಸಿನಲ್ಲಿ
ಪಕ್ಕದವಳ ಪ್ಲಾಸ್ಟಿಕ್ ಚೀಲ ಹುರಿಗಡಲೆಯಂತೆ ಸಿಡಿಯಿತು.
ಕಂಡಕ್ಟರು ಚಿಲ್ಲರೆ ಕುಲುಕಿದ, ಹಲ್ಲು ಜುಮ್ಮೆಂದಿತು.
ನನ್ನ ದನಿಯೋ, ಕೊಡದೊಳಗಿಂದ ಯಾರೋ ಮಾತಾಡಿದ ಹಾಗೆ.
ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಎರಡೂ ಬಿಚ್ಚಿ
ಡಬ್ಬಿಗೆ ಹಾಕಿದೆ.
ದುಡ್ಡು ನೀರಿಗೆ ಬಿತ್ತು, ಅಂದುಕೊಂಡೆ.

ಆದರೂ ದಿನಾ ಒಂದು ಗಂಟೆ. ಆಮೇಲೆ ಎರಡು.
ಗಿರಣಿ ನಿಂತ ಮೇಲೆ, ಹಿಟ್ಟು ಕೊಡವಿ, ಕೈ ತೊಳೆದು.
ಒಂದು ಸಂಜೆ, ಕೂದಲ ಕೆಳಗೆ ಅದಿದೆಯೆಂದು ತಿಳಿಯದ ಒಬ್ಬಳು
ಇನ್ನೊಬ್ಬಳಿಗೆ, ನನ್ನ ಎದುರಿಗೇ:
"ತೂಕ ನೋಡ್ಕೊ. ಕಿವುಡಿ ಹಿಡಿ ಹಿಟ್ಟು ಉಳಿಸ್ಕಂಬುಡ್ತಾಳೆ."
ಉಳಿಸಿಕೊಂಡದ್ದೂ ಉಂಟು, ಸುಳ್ಳು ಯಾಕೆ.
ಎಷ್ಟು ವರ್ಷದಿಂದ ಹೀಗೆ ಆಡುತ್ತಿದ್ದರೋ!
ಇನ್ನೊಂದು ಹಿಡಿ ಹಾಕಿ
"ಈಗ ಸರಿಯಾಯ್ತಾ ಸಾಕಮ್ಮ?" ಅಂದೆ.
ಅವಳ ಕೈಯಿಂದ ಚೀಲ ಜಾರಿದ ಸದ್ದೂ ಕೇಳಿಸಿತು.

ಮನೆಯಲ್ಲಿ ಇವರು
ಮುಷ್ಟಿ ತೋರಿಸಿದರೆ ಮುದ್ದೆ,
ಹೆಬ್ಬೆರಳು ಬಾಯಿಗೆ ತಂದರೆ ನೀರು,
ಬಾಗಿಲ ಕಡೆ ಗದ್ದ ಎತ್ತಿದರೆ ಹೋಗಿ ಬರುತ್ತೇನೆ.
ಎಂಟು ವರ್ಷದ ಸಂಸಾರ ಕೈಯಲ್ಲೇ ನಡೆದಿತ್ತು.
"ಕೇಳ್ತದೆ, ಬಾಯಲ್ಲಿ ಹೇಳಿ" ಅಂದೆ.
ಬಾಯಿ ತೆರೆದರು. ಮುಚ್ಚಿದರು.
ಕೈ ತಾನಾಗೇ ಮೇಲೆದ್ದು, ನಾಚಿ, ತೊಡೆಯ ಮೇಲೆ ಕೂತಿತು.
ಊರವರ ಹಾಗೆ ನಾನೂ ತಪ್ಪು ತಿಳಿದಿದ್ದೆ,
ಕಲಿಯಬೇಕಾದದ್ದು ಕಿವಿ ಒಂದೇ ಎಂದು.

ನಾಲ್ಕನೆಯ ರಾತ್ರಿ, ತಟ್ಟೆಯನ್ನೇ ನೋಡುತ್ತ,
ಹೆಣ್ಣು ನೋಡಲು ಬಂದವರ ಹಾಗೆ ಗಂಟಲು ಸರಿಮಾಡಿಕೊಂಡು:
"ಸಾರಿಗೆ ಉಪ್ಪು ಜಾಸ್ತಿಯಾಗದೆ."

'ಸ' ಇತ್ತು ಅದರಲ್ಲಿ, ಎರಡು ಕಡೆ.
ಎರಡೂ ಕೇಳಿದವು.
"ಏನಂದ್ರಿ?" ಅಂದೆ. "ಇನ್ನೊಂದು ಸಲ."